ಡಿಜಿಟಲ್ ಚಿತ್ರರಚನೆ

ಕತೆ, ಲೇಖನ, ಪುಸ್ತಕ, ಜಾಹೀರಾತು ಅಥವಾ ಬಳಕೆಯ ವಸ್ತುವೊಂದಕ್ಕೆ ಬೇಕಾದ ಚಿತ್ರವನ್ನು ಕಂಪ್ಯೂಟರಿನಲ್ಲೋ ಟ್ಯಾಬ್ಲೆಟ್ಟಿನಲ್ಲೋ ಬರೆದು, ಫೈಲಾಗಿ ಉಳಿಸಿ, ಮುದ್ರಣಕ್ಕೆ ಇಲ್ಲವೇ ಪರದೆಗೆ ಒಪ್ಪಿಸುವ ಕೆಲಸಕ್ಕೆ ಡಿಜಿಟಲ್ ಚಿತ್ರರಚನೆ ಎನ್ನುತ್ತಾರೆ. ಗೋಡೆಗೆ ತೂಗುಹಾಕಲು ಬರೆದ ಸ್ವತಂತ್ರ ಕಲಾಕೃತಿಗೂ ಇದಕ್ಕೂ ಇರುವ ವ್ಯತ್ಯಾಸ ಸಾಧನದ್ದಲ್ಲ, ಉದ್ದೇಶದ್ದು. ಈ ಚಿತ್ರ ಯಾವಾಗಲೂ ಮತ್ತೊಂದರ ಜೊತೆಗೆ ಇರುತ್ತದೆ: ಪುಟದಲ್ಲಿ ಅಕ್ಷರದ ಜೊತೆ, ಪೊಟ್ಟಣದ ಮೇಲೆ ಸರಕಿನ ಜೊತೆ, ಬ್ಯಾನರಿನಲ್ಲಿ ಹೆಸರುಗಳ ಜೊತೆ. ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ರಸ್ತೆಗಳಲ್ಲಿ ಇಂಥ ಚಿತ್ರಗಳ ಎಲ್ಲ ಬಗೆಗಳೂ ಕಾಣಸಿಗುತ್ತವೆ. ಆಟೋ ಮತ್ತು ಕಾರುಗಳ ಹಿಂಗಾಜಿನ ರೇಡಿಯಂ ಸ್ಟಿಕ್ಕರು, ಗಣೇಶೋತ್ಸವದ ಬ್ಯಾನರು, ನವೆಂಬರಿನ ರಾಜ್ಯೋತ್ಸವಕ್ಕೆ ಅಚ್ಚಾಗುವ ಟೀ ಶರ್ಟು, ಅಂಗಡಿಯ ಬೋರ್ಡು, ಲಗ್ನಪತ್ರಿಕೆ, ಮೊಬೈಲಿನ ಸ್ಟೇಟಸ್ಸು ಎಲ್ಲವೂ ಈ ವರ್ಗಕ್ಕೆ ಸೇರಿದವು. ಕೈಪಿಡಿಗಳು ಇದರ ರಚನಾಕ್ರಮವನ್ನು ಸಾಮಾನ್ಯವಾಗಿ ಕರಡಿನಿಂದ ಆರಂಭಿಸಿ ಫೈಲನ್ನು ಹೊರತೆಗೆಯುವ ಹಂತದಲ್ಲಿ ಮುಗಿಸುತ್ತವೆ. ಆದರೆ ನಡೆಯುವ ಕೆಲಸವನ್ನು ಗಮನಿಸಿದರೆ ಆ ಕ್ರಮವನ್ನು ಹಿಂದುಮುಂದಾಗಿ ಓದಬೇಕೆನಿಸುತ್ತದೆ. ಚಿತ್ರ ಕೊನೆಗೆ ಯಾವ ಮೇಲ್ಮೈಯ ಮೇಲೆ ನೆಲೆಸುತ್ತದೆ ಎಂಬುದೇ ಮೊದಲ ಗೆರೆಯನ್ನು ನಿರ್ಧರಿಸುತ್ತದೆ. ಕಂಪ್ಯೂಟರು ಕಲಾವಿದನಿಗೆ ತಿದ್ದುವ ಸ್ವಾತಂತ್ರ್ಯ ಕೊಟ್ಟಿತು. ಆ ಸ್ವಾತಂತ್ರ್ಯಕ್ಕೆ ಗಡಿ ಹಾಕಿರುವುದು ಕಾಗದ, ಬಟ್ಟೆ, ಗಾಜು ಮತ್ತು ಪರದೆ.

ಪೂರ್ವರೂಪಗಳು

ಮೇಲ್ಮೈಯೇ ಗೆರೆಯನ್ನು ನಿರ್ಧರಿಸುವ ಈ ನಿಯಮ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ಮಕ್ಕಿ ಸಫೇದ ಎಂಬ ಲೇಪವನ್ನು ಉಬ್ಬುವಂತೆ ಏರಿಸಿ ಅದರ ಮೇಲೆ ಚಿನ್ನದ ಹಾಳೆ ಅಂಟಿಸುತ್ತಾರೆ. ಹಾಳೆ ಕೂತ ಮೇಲೆ ಆಭರಣದ ಗೆರೆಯನ್ನು ಸರಿಸುವಂತಿಲ್ಲ, ಆದ್ದರಿಂದ ಎಲ್ಲ ಅಳತೆಯೂ ಕರಡಿನಲ್ಲೇ ತೀರ್ಮಾನವಾಗಬೇಕು. ಅಚ್ಚುಮೊಳೆಯ ಕಾಲದ ಕನ್ನಡ ಪತ್ರಿಕೆಗಳಲ್ಲಿ ಇದೇ ನಿಯಮ ಇನ್ನೂ ಕಟುವಾಗಿತ್ತು. ಚಿತ್ರವನ್ನು ಕ್ಯಾಮೆರಾದಿಂದ ಸತುವಿನ ತಗಡಿಗೆ ಇಳಿಸಿ, ಆಮ್ಲದಲ್ಲಿ ಕೊರೆದು ಲೈನ್ ಬ್ಲಾಕ್ ಮಾಡುತ್ತಿದ್ದರು. ಅದರಲ್ಲಿ ಕಪ್ಪು ಉಂಟು, ಬಿಳಿ ಉಂಟು, ನಡುವಿನ ಬೂದು ಇಲ್ಲ. ಬೂದು ಬೇಕಾದರೆ ಚುಕ್ಕಿಗಳ ಹಾಫ್‌ಟೋನ್ ಬ್ಲಾಕ್ ಮಾಡಿಸಬೇಕು. ಅದಕ್ಕೆ ಖರ್ಚು ಹೆಚ್ಚು, ಒರಟು ನ್ಯೂಸ್‌ಪ್ರಿಂಟಿನಲ್ಲಿ ಚುಕ್ಕಿಗಳು ಕದಡಿಕೊಳ್ಳುವ ಭಯ ಬೇರೆ. ಹೀಗಾಗಿ ಚಿತ್ರಕಾರರು ಇಂಡಿಯನ್ ಇಂಕಿನ ದಟ್ಟ ಗೆರೆ, ಒತ್ತೊತ್ತಾದ ಅಡ್ಡಗೀಟು ಮತ್ತು ಚುಕ್ಕಿಗಳಿಂದಲೇ ನೆರಳು ಬೆಳಕನ್ನು ಕಟ್ಟಿದರು. ಮೂಲಚಿತ್ರವನ್ನು ಅಚ್ಚಿನ ಅಳತೆಗಿಂತ ದೊಡ್ಡದಾಗಿ ಬರೆದು ಕ್ಯಾಮೆರಾದಲ್ಲಿ ಕುಗ್ಗಿಸುತ್ತಿದ್ದುದರಿಂದ, ಕುಗ್ಗಿದಾಗ ಕೂಡಿಕೊಳ್ಳದಷ್ಟು ಅಂತರವನ್ನು ಗೆರೆಗಳ ನಡುವೆ ಬಿಡುವುದು ಕಸುಬಿನ ಮೊದಲ ಪಾಠವಾಗಿತ್ತು. ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ಕುಂಚದ ಗೆರೆಯ ಗಟ್ಟಿತನವನ್ನು ಪ್ರತಿಭೆಯ ಜೊತೆಗೆ ದಿನಪತ್ರಿಕೆಯ ಕಾಗದಕ್ಕೆ ಕೊಟ್ಟ ಉತ್ತರವಾಗಿಯೂ ಓದಬಹುದು. 1947ರಲ್ಲಿ ಮದರಾಸಿನಲ್ಲಿ ಆರಂಭವಾದ ಮಕ್ಕಳ ಪತ್ರಿಕೆ ‘ಚಂದಮಾಮ’ದ ಮುಖಪುಟಗಳಿಗೆ ಎಂ.ಟಿ.ವಿ. ಆಚಾರ್ಯ ಬರೆದ ಮಹಾಭಾರತದ ವರ್ಣಚಿತ್ರಗಳು ಬೇರೆ ಬಗೆಯವು, ಏಕೆಂದರೆ ಬಹುವರ್ಣ ಮುಖಪುಟ ಬೇರೆ ಮೇಲ್ಮೈ. 1965ರಲ್ಲಿ ಬಂದ ‘ಸುಧಾ’, 1968ರ ‘ಮಯೂರ’ ಮುಂತಾದ ಪತ್ರಿಕೆಗಳು ಮುಂದೆ ಆಫ್‌ಸೆಟ್ ಮುದ್ರಣಕ್ಕೆ ಹೊರಳಿದಾಗ ತೆಳುವರ್ಣದ ಲೇಪಗಳು ಕತೆಗಳ ಒಳಪುಟಕ್ಕೂ ಇಳಿದವು. ಚಿತ್ರಕಾರರ ಅಭಿರುಚಿ ಅಷ್ಟರಲ್ಲಿ ಬದಲಾಗಿದ್ದಿರಬಹುದು, ಆದರೆ ಆ ಅಭಿರುಚಿ ಓದುಗನ ಕಣ್ಣಿಗೆ ಬೀಳುವಂತೆ ಮಾಡಿದ್ದು ಯಂತ್ರ.

ಸಾಧನಗಳ ಬೆಳವಣಿಗೆ

ಪರದೆಯ ಮೇಲೆ ನೇರವಾಗಿ ಗೆರೆ ಎಳೆಯುವುದು 1963ರಲ್ಲಿ ಐವಾನ್ ಸದರ್‌ಲ್ಯಾಂಡ್ ರೂಪಿಸಿದ ‘ಸ್ಕೆಚ್‌ಪ್ಯಾಡ್’ನಲ್ಲೇ ಸಾಧ್ಯವಾಗಿತ್ತು. 1973ರಲ್ಲಿ ರಿಚರ್ಡ್ ಶೂಪ್ ‘ಸೂಪರ್‌ಪೇಂಟ್’ ಎಂಬ ಬಣ್ಣದ ವ್ಯವಸ್ಥೆಯನ್ನು ಸಿದ್ಧಪಡಿಸಿದರು. 1981ರ ‘ಕ್ವಾಂಟೆಲ್ ಪೇಂಟ್‌ಬಾಕ್ಸ್’ ಟೆಲಿವಿಷನ್ ಕೇಂದ್ರಗಳಿಗೆ ಸೀಮಿತವಾದ ದುಬಾರಿ ಯಂತ್ರ. ಮನೆಯ ಮೇಜಿಗೆ ಈ ಕಲೆ ಬಂದದ್ದು 1984ರ ಮ್ಯಾಕಿಂಟಾಷ್‌ನ ‘ಮ್ಯಾಕ್‌ಪೇಂಟ್’, 1987ರ ‘ಅಡೋಬಿ ಇಲ್ಲಸ್ಟ್ರೇಟರ್’, 1989ರ ‘ಕೋರಲ್‌ಡ್ರಾ’ ಮತ್ತು 1990ರ ‘ಫೋಟೋಶಾಪ್’ ಮೂಲಕ. ಇವುಗಳಲ್ಲಿ ಕರ್ನಾಟಕದ ಡಿಟಿಪಿ ಅಂಗಡಿಗಳು ಗಟ್ಟಿಯಾಗಿ ಹಿಡಿದುಕೊಂಡದ್ದು ಕೋರಲ್ ಮತ್ತು ಫೋಟೋಶಾಪ್ ಎಂಬ ಜೋಡಿಯನ್ನು. ರಚನಾಕ್ರಮದ ದೃಷ್ಟಿಯಿಂದ ಎರಡು ಬದಲಾವಣೆಗಳು ನಿರ್ಣಾಯಕ. ಒಂದು, 1994ರಲ್ಲಿ ಫೋಟೋಶಾಪ್‌ನ ಮೂರನೆಯ ಆವೃತ್ತಿ ತಂದ ಲೇಯರ್. ಗೆರೆ, ಬಣ್ಣ, ನೆರಳುಗಳನ್ನು ಬೇರೆಬೇರೆ ಪದರಗಳಲ್ಲಿಟ್ಟು ಒಂದನ್ನು ಮುಟ್ಟದೆ ಇನ್ನೊಂದನ್ನು ತಿದ್ದುವ ಅನುಕೂಲ ಅದರಿಂದ ಬಂತು. ಎರಡು, ಒತ್ತಡ ಗುರುತಿಸುವ ಪೆನ್ನು. ಜಪಾನಿನಲ್ಲಿ 1983ರಲ್ಲಿ ಸ್ಥಾಪನೆಯಾದ ವಾಕಾಮ್ ಕಂಪನಿ ಇದನ್ನು ಕಲಾವಿದರ ನಿತ್ಯದ ಸಾಧನವಾಗಿಸಿತು. ಇಂದಿನ ಅನೇಕ ಪೆನ್ ಟ್ಯಾಬ್‌ಗಳು ಒತ್ತಡದ 8192 ಹಂತಗಳನ್ನು ಗುರುತಿಸುವುದರಿಂದ ಕುಂಚದ ದಪ್ಪ ಸಣ್ಣಗಳು ಕೈಯ ಭಾರವನ್ನು ಹಿಂಬಾಲಿಸುತ್ತವೆ. 2011ರ ‘ಪ್ರೊಕ್ರಿಯೇಟ್’ ಮತ್ತು 2015ರ ಆಪಲ್ ಪೆನ್ಸಿಲ್ ಸೇರಿ ಇಡೀ ಕಾರ್ಯಾಗಾರ ಒಂದು ಹಲಗೆಯಷ್ಟಾಯಿತು. ಹಣ ಕೊಡದೆ ಬಳಸಬಹುದಾದ ‘ಕ್ರಿಟಾ’, ‘ಇಂಕ್‌ಸ್ಕೇಪ್’ನಂಥ ಮುಕ್ತ ತಂತ್ರಾಂಶಗಳು ಕಲಿಯುವವರ ದಾರಿಯನ್ನು ಸಲೀಸು ಮಾಡಿವೆ.

ಈ ಸಾಧನಗಳೆಲ್ಲ ಎರಡು ಮೂಲ ಪದ್ಧತಿಗಳಲ್ಲಿ ಚಿತ್ರವನ್ನು ಹಿಡಿದಿಡುತ್ತವೆ. ರಾಸ್ಟರ್ ಪದ್ಧತಿಯಲ್ಲಿ ಚಿತ್ರವೆಂದರೆ ಪಿಕ್ಸೆಲ್‌ಗಳ ಜಾಲರಿ. ಪ್ರತಿ ಪಿಕ್ಸೆಲ್ಲಿನ ಕೆಂಪು, ಹಸಿರು, ನೀಲಿಗೆ ತಲಾ 256 ಮಟ್ಟಗಳಿದ್ದರೆ ಸುಮಾರು 1.68 ಕೋಟಿ ಬಣ್ಣಗಳು ಸಾಧ್ಯ. ಜಲವರ್ಣದ ಒದ್ದೆತನ, ಚರ್ಮದ ನಯ, ಮಂಜು, ಹೊಗೆಗಳಿಗೆ ಇದು ಒಗ್ಗುತ್ತದೆ. ವೆಕ್ಟರ್ ಪದ್ಧತಿಯಲ್ಲಿ ಚಿತ್ರವೆಂದರೆ ಬಿಂದುಗಳನ್ನು ಸೇರಿಸುವ ವಕ್ರರೇಖೆಗಳ ಗಣಿತ. ಫ್ರಾನ್ಸಿನ ರೆನೋ ಕಾರು ಕಂಪನಿಯ ಇಂಜಿನಿಯರ್ ಪಿಯರ್ ಬೆಝಿಯೆ ಕಾರಿನ ಮೈಯ ವಿನ್ಯಾಸಕ್ಕಾಗಿ ಬಳಕೆಗೆ ತಂದ ರೇಖೆಗಳೇ ಇಲ್ಲಿನ ಬುನಾದಿ. ಒಂದನ್ನು ಆರಿಸಿಕೊಳ್ಳುವ ಮೊದಲ ಕ್ಷಣದಲ್ಲೇ ಕಲಾವಿದ ಕೊನೆಯ ಮೇಲ್ಮೈಯ ಬಗ್ಗೆ ತೀರ್ಮಾನ ಕೈಗೊಂಡಿರುತ್ತಾನೆ. ರಾಸ್ಟರ್ ಫೈಲಿನ ಅಳತೆ ಹುಟ್ಟಿನಲ್ಲೇ ನಿಗದಿಯಾಗುತ್ತದೆ. ಎ4 ಪುಟಕ್ಕೆ ಇಂಚಿಗೆ 300 ಪಿಕ್ಸೆಲ್ಲಿನಂತೆ 2480 × 3508 ಪಿಕ್ಸೆಲ್ ಬೇಕು. ಮೊಬೈಲಿಗೆಂದು 1080 ಪಿಕ್ಸೆಲ್ ಅಗಲದಲ್ಲಿ ಬರೆದ ಚಿತ್ರವನ್ನು ಆಮೇಲೆ ಪುಸ್ತಕದ ಮುಖಪುಟಕ್ಕೆ ಹಿಗ್ಗಿಸಿದರೆ ಗೆರೆಯ ಅಂಚು ಮಸುಕಾಗುತ್ತದೆ. ಇಲ್ಲದ ವಿವರವನ್ನು ತಂತ್ರಾಂಶ ಊಹಿಸಿ ತುಂಬಬಹುದೇ ಹೊರತು ಕಲಾವಿದ ಬರೆಯದೆ ಬಿಟ್ಟದ್ದನ್ನು ಮರಳಿ ತರಲಾರದು.

ರಚನೆಯ ಹಂತಗಳು

ವೃತ್ತಿಪರ ಕೆಲಸದಲ್ಲಿ ಹಂತಗಳು ಹೆಚ್ಚುಕಡಿಮೆ ಒಂದೇ ತೆರ. ಬೇಡಿಕೆಯನ್ನು ತಿಳಿದುಕೊಳ್ಳುವುದು, ಆಧಾರಚಿತ್ರಗಳನ್ನು ಕೂಡಿಸುವುದು, ಹೆಬ್ಬೆರಳಿನಷ್ಟು ಚಿಕ್ಕ ಕರಡುಗಳಲ್ಲಿ ಸಂಯೋಜನೆಯನ್ನು ಪರೀಕ್ಷಿಸುವುದು, ಒಪ್ಪಿಗೆಯಾದದ್ದನ್ನು ದೊಡ್ಡ ಕರಡಾಗಿ ಬೆಳೆಸುವುದು, ಅದರ ಮೇಲೆ ಹೊಸ ಲೇಯರಿನಲ್ಲಿ ಶುದ್ಧ ಗೆರೆ ಎಳೆಯುವುದು, ಗೆರೆಯ ಕೆಳಗಿನ ಲೇಯರಿನಲ್ಲಿ ಸಪಾಟು ಬಣ್ಣ ತುಂಬುವುದು, ಅದರ ಮೇಲೆ ನೆರಳು ಮತ್ತು ಬೆಳಕು, ಕೊನೆಗೆ ತಿದ್ದುಪಡಿ ಮತ್ತು ಫೈಲು ಹೊರತೆಗೆಯುವುದು. ಚಿಕ್ಕ ಕರಡಿನ ಮಹತ್ವ ಇಲ್ಲಿ ದೊಡ್ಡದು. ಎರಡಂಗುಲದ ಕರಡಿನಲ್ಲಿ ಕಣ್ಣು, ಮೂಗು, ಒಡವೆಗಳಿಗೆ ಎಡೆಯಿಲ್ಲ, ಕತ್ತಲು ಬೆಳಕಿನ ದೊಡ್ಡ ತುಂಡುಗಳಷ್ಟೇ ಉಳಿಯುತ್ತವೆ. ಆ ತುಂಡುಗಳಲ್ಲೇ ಚಿತ್ರ ಓದಿಸಿಕೊಳ್ಳದಿದ್ದರೆ ಮೇಲಿನ ಯಾವ ಅಲಂಕಾರವೂ ಅದನ್ನು ಎತ್ತಿಹಿಡಿಯದು. ಅನುಭವಿಗಳು ಬಣ್ಣ ಹಾಕುವ ಮುನ್ನ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿ ನೋಡುವುದೂ, ಎಡಬಲ ತಿರುಗಿಸಿ ಮುಖದ ಓರೆಯನ್ನು ಹಿಡಿಯುವುದೂ ಇದೇ ಕಾರಣಕ್ಕೆ. ಸಪಾಟು ಬಣ್ಣದ ಹಂತ ನೋಡಲು ಬೇಸರದ ಕೆಲಸವಾದರೂ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಸೀರೆ, ಚರ್ಮ, ಹಿನ್ನೆಲೆಗಳನ್ನು ಆಗಲೇ ಬೇರ್ಪಡಿಸಿಟ್ಟಿದ್ದರೆ ಆಮೇಲೆ ಸೀರೆಯ ಬಣ್ಣವೊಂದನ್ನೇ ಬದಲಿಸುವುದು ನಿಮಿಷದ ಕೆಲಸ. ನೆರಳಿಗೆ ಬಳಸುವ ‘ಮಲ್ಟಿಪ್ಲೈ’ ಮಿಶ್ರಣದಲ್ಲಿ ಮೇಲಿನ ಬಣ್ಣದ ಮೌಲ್ಯದಿಂದ ಕೆಳಗಿನದನ್ನು ಗುಣಿಸುವುದರಿಂದ ಕೆಳಗಿನ ಬಣ್ಣ ಕಪ್ಪಾಗುತ್ತ ಹೋದರೂ ತನ್ನ ಗುಣ ಉಳಿಸಿಕೊಳ್ಳುತ್ತದೆ.

ಈ ಹಂತಗಳಲ್ಲಿ ಯಾವುದಕ್ಕೆ ಎಷ್ಟು ಒತ್ತು ಎಂಬುದನ್ನು ತೀರ್ಮಾನಿಸುವುದು ಮತ್ತೆ ಕೊನೆಯ ಮೇಲ್ಮೈಯೇ. ರಾಜ್ಯೋತ್ಸವದ ಟೀ ಶರ್ಟಿಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವಾಗ ಪ್ರತಿ ಬಣ್ಣಕ್ಕೂ ಪ್ರತ್ಯೇಕ ಸ್ಕ್ರೀನ್ ಬೇಕು, ಒಂದೊಂದು ಬಣ್ಣವೂ ಖರ್ಚು ಏರಿಸುತ್ತದೆ. ಹಳದಿ, ಕೆಂಪು, ಕಪ್ಪಿನಲ್ಲಿ ಮುಗಿಯುವ ಚಿತ್ರ ಅಲ್ಲಿ ಜಾಣತನದ ಚಿತ್ರ. ನಯವಾದ ನೆರಳಿನ ಹಂತವೇ ಅದಕ್ಕೆ ಬೇಡ. ಆಫ್‌ಸೆಟ್ ಮುದ್ರಣದಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಂದ ಬಣ್ಣ ಹುಟ್ಟಬೇಕು. ಪರದೆಯಲ್ಲಿ ಮಿನುಗುವ ಗಿಳಿಹಸಿರು ಮತ್ತು ಕಡುನೀಲಿ ಈ ನಾಲ್ಕರ ಮಿಶ್ರಣಕ್ಕೆ ಸಿಕ್ಕುವುದಿಲ್ಲ, ಅಚ್ಚಿನಲ್ಲಿ ಮಂಕಾಗಿ ಇಳಿಯುತ್ತವೆ. ನ್ಯೂಸ್‌ಪ್ರಿಂಟು ಶಾಯಿಯನ್ನು ಹೀರಿ ಹರಡುವುದರಿಂದ ನಾಲ್ಕೂ ಶಾಯಿಗಳ ಒಟ್ಟು ಮೊತ್ತವನ್ನು ಸುಮಾರು ಶೇ 240ರ ಆಸುಪಾಸಿನಲ್ಲಿ ಹಿಡಿದಿಡುತ್ತಾರೆ. ಕತ್ತಲ ದೃಶ್ಯವೊಂದನ್ನು ಪತ್ರಿಕೆಗೆ ಬರೆಯುವವನು ಇದನ್ನು ಮರೆತರೆ ಪುಟದಲ್ಲಿ ಉಳಿಯುವುದು ಕೆಸರು.

ಕನ್ನಡ ಅಕ್ಷರ ಸೇರುವ ಚಿತ್ರಗಳಲ್ಲಿ ಇನ್ನೊಂದು ಲೆಕ್ಕಾಚಾರವಿದೆ. ಕನ್ನಡದ ಸಾಲಿಗೆ ಮೇಲೆ ಗುಣಿತ, ಕೆಳಗೆ ಒತ್ತಕ್ಷರ. ಎರಡೂ ಕಡೆ ಉಸಿರಾಡಲು ಜಾಗ ಬೇಕಾದ್ದರಿಂದ ಸಾಲುಗಳ ಅಂತರ ರೋಮನ್ ಲಿಪಿಗಿಂತ ಹೆಚ್ಚಿರಬೇಕು. ಹಳೆಯ ಡಿಟಿಪಿ ಪದ್ಧತಿಯಲ್ಲಿ ಯೂನಿಕೋಡ್ ಅಲ್ಲದ ಫಾಂಟುಗಳು ಅಕ್ಷರವನ್ನು ತುಣುಕುಗಳಾಗಿ ಜೋಡಿಸುತ್ತಿದ್ದವು. ಮುದ್ರಣಾಲಯದ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿದ್ದರೆ ಇಡೀ ಸಾಲು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗುತ್ತಿತ್ತು. ಫೈಲು ಕಳಿಸುವ ಮುನ್ನ ಅಕ್ಷರಗಳನ್ನೆಲ್ಲ ‘ಕರ್ವ್’ ಮಾಡುವುದು, ಅಂದರೆ ರೇಖಾಚಿತ್ರವಾಗಿಸುವುದು, ರೂಢಿಯಾದದ್ದು ಹೀಗೆ. ಒಮ್ಮೆ ಕರ್ವ್ ಮಾಡಿದ ಅಕ್ಷರದಲ್ಲಿ ಕಾಗುಣಿತ ತಿದ್ದಲಾಗದು, ಆದ್ದರಿಂದ ತಿದ್ದಬಹುದಾದ ಒಂದು ಪ್ರತಿಯನ್ನು ಬೇರೆ ಇಟ್ಟುಕೊಳ್ಳುವುದು ಶಿಸ್ತು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಈ ಶಿಸ್ತಿನ ಒಳ್ಳೆಯ ನಿದರ್ಶನ. ಅಲ್ಲಿ ಮಕ್ಕಳ ಕತೆಯ ಒಂದೇ ಚಿತ್ರ ಹಲವು ಭಾಷೆಗಳ ಪಠ್ಯದೊಂದಿಗೆ ಮುಕ್ತ ಪರವಾನಗಿಯಡಿ ಮರುಬಳಕೆಯಾಗುತ್ತದೆ. ಯಾವ ಭಾಷೆಯ ಸಾಲು ಎಷ್ಟು ಉದ್ದ ಬೆಳೆಯುತ್ತದೆಂದು ಮೊದಲೇ ಹೇಳಲಾಗದ ಕಾರಣ, ಅಕ್ಷರಕ್ಕೆಂದು ಬಿಡುವ ಖಾಲಿ ಜಾಗವೂ ಸಂಯೋಜನೆಯ ಭಾಗವಾಗಿಯೇ ಹುಟ್ಟಬೇಕು.

ಒಂದು ನಿದರ್ಶನ: ಕುಂಬಳೆಯಿಂದ ವಿಜಯನಗರಕ್ಕೆ

ಕೊನೆಯ ಮೇಲ್ಮೈ ಚಿತ್ರದ ಹಣೆಬರಹವನ್ನು ಬರೆಯುತ್ತದೆ ಎಂಬುದಕ್ಕೆ ಕನ್ನಡ ನಾಡಿನ ಅತಿ ಪ್ರಸಿದ್ಧ ಸಾಕ್ಷಿ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಕಲಾವಿದ ಕರಣ್ ಆಚಾರ್ಯ ಅವರ ಹನುಮಂತ. 2015ರಲ್ಲಿ ಊರಿನ ಯುವಕರು ಗಣೇಶ ಚತುರ್ಥಿಗೆ ಹೊಸ ಬಗೆಯ ಧ್ವಜ ಬೇಕೆಂದು ಕೇಳಿದಾಗ ಅವರು ಈ ಮುಖವನ್ನು ವೆಕ್ಟರ್ ರೂಪದಲ್ಲಿ ರಚಿಸಿದರು. ಕೇಸರಿ ಮತ್ತು ಕಪ್ಪು, ಗಂಟಿಕ್ಕಿದ ಹುಬ್ಬು, ಚೂಪಾದ ನೋಟ. ಕೆಲವೇ ವರ್ಷಗಳಲ್ಲಿ ಅದು ಬೆಂಗಳೂರಿನ ಕಾರು, ಆಟೋ, ಬೈಕುಗಳನ್ನು ಆವರಿಸಿ ದೇಶದ ಬೇರೆ ನಗರಗಳಿಗೂ ಹಬ್ಬಿತು. 2018ರ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ ಪ್ರಧಾನಿ ನರೇಂದ್ರ ಮೋದಿ ಮಂಗಳೂರಿನ ಸಭೆಯಲ್ಲಿ ಕಲಾವಿದರನ್ನು ಹೊಗಳಿದರು. ಆ ಮುಖದಲ್ಲಿ ಆಕ್ರಮಣವಿದೆಯೇ, ಆತ್ಮವಿಶ್ವಾಸವಿದೆಯೇ ಎಂಬ ಚರ್ಚೆಯೂ ಜೋರಾಗಿ ನಡೆಯಿತು. ಆ ಚರ್ಚೆ ಚಿತ್ರದ ಅರ್ಥದ ಕುರಿತದ್ದು. ರಚನಾಕ್ರಮದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಬೇರೆ: ಹನುಮಂತನ ಅಸಂಖ್ಯ ಚಿತ್ರಗಳಿದ್ದೂ ಗಾಜಿಗೆ ಅಂಟಿದ್ದು ಇದೇ ಏಕೆ?

ಉತ್ತರದ ಒಂದು ಭಾಗ ಧ್ವಜದಲ್ಲಿದೆ. ಗಾಳಿಯಲ್ಲಿ ಹಾರಾಡುವ ಬಟ್ಟೆಯ ಮೇಲಿನ ಚಿತ್ರ ದೂರದಿಂದ, ಒಂದೇ ಕ್ಷಣದಲ್ಲಿ ಗುರುತು ಸಿಗಬೇಕು. ಅದಕ್ಕೆ ನಯವಾದ ಛಾಯೆ ಕೆಲಸಕ್ಕೆ ಬಾರದು, ಬಣ್ಣದ ದೊಡ್ಡ ತುಂಡುಗಳು ಬೇಕು. ರೇಡಿಯಂ ಅಂಗಡಿಯ ಪ್ಲಾಟರ್ ಯಂತ್ರವೂ ಕೇಳುವುದು ಅದನ್ನೇ. ಅದರ ಸೂಜಿಯಂಥ ಅಲಗು ವೆಕ್ಟರ್ ರೇಖೆಯನ್ನು ಹಿಂಬಾಲಿಸಿ ಅಂಟುಹಾಳೆಯನ್ನು ಕತ್ತರಿಸುತ್ತದೆ. ಬೇಡದ ಭಾಗವನ್ನು ಕೈಯಲ್ಲಿ ಬಿಡಿಸಿ ತೆಗೆದು, ಉಳಿದದ್ದನ್ನು ಮತ್ತೊಂದು ಟೇಪಿನ ಮೇಲೆ ಎತ್ತಿ ಗಾಜಿಗೆ ಕೂರಿಸುತ್ತಾರೆ. ಛಾಯೆಯನ್ನು ಅಲಗು ಕತ್ತರಿಸಲಾರದು. ತೀರಾ ತೆಳ್ಳಗಿನ ಎಳೆ ಬಿಸಿಲು ಮಳೆಗೆ ಅಂಟು ಬಿಟ್ಟು ಏಳುತ್ತದೆ. ಕ್ಯಾಲೆಂಡರಿನ ಹನುಮಂತನ ರೋಮ, ಕಿರೀಟ, ಹಾರಗಳು ಈ ಯಂತ್ರಕ್ಕೆ ಒಗ್ಗದಿರುವುದು ಅದಕ್ಕೇ. ನೆರಳನ್ನೆಲ್ಲ ಕಪ್ಪಿನೊಳಗೆ ಕರಗಿಸಿಕೊಂಡ ಎರಡು ಬಣ್ಣದ ಮುಖಕ್ಕೆ ಆ ತೊಡಕಿಲ್ಲ. ಮೇಲಾಗಿ ಕಾರಿನ ಹಿಂಗಾಜು ಹೊರಗಿನಿಂದ ಕಪ್ಪಾಗಿಯೇ ಕಾಣುವುದರಿಂದ, ಕೇಸರಿ ಭಾಗವಷ್ಟನ್ನು ಕತ್ತರಿಸಿ ಅಂಟಿಸಿದರೂ ಚಿತ್ರ ಪೂರ್ಣವಾಗುತ್ತದೆ. ಉಳಿದ ಬಣ್ಣವನ್ನು ಗಾಜೇ ಒದಗಿಸುತ್ತದೆ. ಕಲಾವಿದರು ಗಾಜನ್ನು ಮನಸ್ಸಿನಲ್ಲಿಟ್ಟು ಬರೆದಿರಲಿಲ್ಲ, ನಿಜ. ಆದರೆ ಧ್ವಜಕ್ಕಾಗಿ ಮಾಡಿದ ಆಯ್ಕೆಗಳು ಗಾಜಿಗೂ ಸಲ್ಲುವಂಥವಾಗಿದ್ದವು. ಜನಪ್ರಿಯತೆಗೆ ಭಕ್ತಿ, ರಾಜಕೀಯ, ಫ್ಯಾಷನ್ ಎಲ್ಲವೂ ಕಾರಣವಾಗಿರಬಹುದು. ಅವು ಬೇಡಿಕೆಯನ್ನು ಹುಟ್ಟಿಸಿದವು. ಕಡಿಮೆ ಖರ್ಚಿನಲ್ಲಿ, ಯಾವ ಬಡಾವಣೆಯ ಅಂಗಡಿಯಲ್ಲಾದರೂ ಆ ಬೇಡಿಕೆಯನ್ನು ಪೂರೈಸಲು ಬಿಟ್ಟದ್ದು ಚಿತ್ರದ ರಚನೆ.

ಇದಕ್ಕೆ ವಿರುದ್ಧ ದಿಕ್ಕಿನ ನಿದರ್ಶನ ಫ್ಲೆಕ್ಸ್. ಬಣ್ಣಗಳ ಮಿತಿಯಿಲ್ಲದೆ ಫೋಟೋ, ಛಾಯೆ, ಹೊಳಪು ಎಲ್ಲವನ್ನೂ ಮುದ್ರಿಸುವ ಈ ಮಾಧ್ಯಮ ಸಿನಿಮಾ ಕಟೌಟು ಮತ್ತು ಬ್ಯಾನರು ಬರೆಯುತ್ತಿದ್ದ ಕುಂಚದ ಕಲಾವಿದರ ಕೆಲಸವನ್ನು ಕಿತ್ತುಕೊಂಡಿತು. ಇಲ್ಲಿಯೂ ಅಳತೆಯ ಲೆಕ್ಕ ನೋಟದ ದೂರದಿಂದ ಹುಟ್ಟುತ್ತದೆ. 20 × 10 ಅಡಿಯ ಫಲಕಕ್ಕೆ ಇಂಚಿಗೆ 300 ಪಿಕ್ಸೆಲ್ ಹಿಡಿದರೆ ಫೈಲು 72,000 × 36,000 ಪಿಕ್ಸೆಲ್ ಆಗಿ ಕಂಪ್ಯೂಟರನ್ನೇ ನಿಲ್ಲಿಸುತ್ತದೆ. ರಸ್ತೆಯಾಚೆಯಿಂದ ನೋಡುವ ಕಣ್ಣಿಗೆ 72 ಪಿಕ್ಸೆಲ್ ಧಾರಾಳ. ಆದರೆ ಮಿತಿಯಿಲ್ಲದ ಮೇಲ್ಮೈ ಸಂಯೋಜನೆಯನ್ನು ಸಡಿಲಗೊಳಿಸಿತು: ಇಪ್ಪತ್ತು ಮುಖ, ಆರು ಫಾಂಟು, ನಾಲ್ಕು ಹೊಳಪು. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಪಟ್ಟಿಗೆ ಫ್ಲೆಕ್ಸನ್ನೂ ಸೇರಿಸಿತು. 2018ರ ಆಗಸ್ಟಿನಲ್ಲಿ ಹೈಕೋರ್ಟಿನ ಚಾಟಿಯ ಬಳಿಕ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನಗರದ ಸಾವಿರಾರು ಫ್ಲೆಕ್ಸುಗಳನ್ನು ಕಿತ್ತುಹಾಕಿತು. ಮೇಲ್ಮೈಯೊಂದು ಕಾನೂನಿನಿಂದಲೂ ಬದಲಾಗಬಲ್ಲದು, ಆಗ ಅದನ್ನೇ ನಂಬಿದ ಚಿತ್ರಶೈಲಿಯೂ ನೆಲೆ ತಪ್ಪುತ್ತದೆ.

ಆಕ್ಷೇಪಗಳು

ಮೊದಲನೆಯ ಆಕ್ಷೇಪ: ಕಲೆ ಕಲ್ಪನೆಯಿಂದ ಹುಟ್ಟಬೇಕು, ಮುದ್ರಣಾಲಯದ ಷರತ್ತಿನಿಂದ ಆರಂಭಿಸಿದರೆ ಅದು ಬರಿಯ ಕಸುಬು. ಈ ಮಾತು ಕಲ್ಪನೆಯನ್ನೂ ಷರತ್ತನ್ನೂ ಎದುರಾಳಿಗಳೆಂದು ಭಾವಿಸುತ್ತದೆ. ಲೈನ್ ಬ್ಲಾಕಿನ ಕಾಲದ ಗೆರೆಯನ್ನು ಇಂದಿಗೂ ಮೆಚ್ಚುವವರು ಮೆಚ್ಚುತ್ತಿರುವುದು ಷರತ್ತಿನೊಳಗೆ ಅರಳಿದ ಕಲ್ಪನೆಯನ್ನೇ. ಮಾತ್ರೆಗಣದ ಲೆಕ್ಕ ಷಟ್ಪದಿಯ ಕವಿಯನ್ನು ಬಡವನನ್ನಾಗಿ ಮಾಡಲಿಲ್ಲ. ಎರಡನೆಯದು: ವೆಕ್ಟರ್ ಚಿತ್ರವನ್ನು ಯಾವ ಅಳತೆಗೂ ಹಿಗ್ಗಿಸಬಹುದಾದ್ದರಿಂದ ಕೊನೆಯ ಮೇಲ್ಮೈ ಅಪ್ರಸ್ತುತ. ಹಿಗ್ಗುವುದು ರೇಖೆಯ ಗಣಿತ ಮಾತ್ರ. ಹಿಗ್ಗಿದಾಗ ಖಾಲಿಯೆನಿಸುವ ಜಾಗ, ಕುಗ್ಗಿದಾಗ ಮುಚ್ಚಿಹೋಗುವ ವಿವರ, ಅಲಗಿಗೆ ಸಿಗದ ಮೂಲೆ ಇವನ್ನು ಗಣಿತ ಸರಿಪಡಿಸುವುದಿಲ್ಲ. ಒಂದೇ ಲಾಂಛನಕ್ಕೆ ಬೋರ್ಡಿಗೊಂದು, ಮೊಬೈಲಿನ ಪುಟ್ಟ ಐಕಾನಿಗೊಂದು ರೂಪವನ್ನು ವಿನ್ಯಾಸಕರು ಬೇರೆಯಾಗಿ ಬರೆಯುವುದೇ ಇದಕ್ಕೆ ಪುರಾವೆ.

ಮೂರನೆಯದು ಹೆಚ್ಚು ಗಟ್ಟಿಯಾದದ್ದು: ಈಗ ಬಹುಪಾಲು ಚಿತ್ರಗಳು ಪರದೆಯಲ್ಲೇ ಹುಟ್ಟಿ ಪರದೆಯಲ್ಲೇ ನೋಡಿಸಿಕೊಳ್ಳುತ್ತವೆ, ತಪ್ಪಾದರೆ ಅಳಿಸಿ ಮತ್ತೆ ಹಾಕಬಹುದು, ಹೀಗಿರುವಾಗ ಮುಂದಾಲೋಚನೆ ಯಾಕೆ? ಆದರೆ ಪರದೆಯೂ ಒಂದು ಮೇಲ್ಮೈಯೇ. ವಾಟ್ಸ್ಆ್ಯಪ್‌ನ ಡಿಪಿ ಚಿತ್ರವನ್ನು ವೃತ್ತಕ್ಕೆ ಕತ್ತರಿಸುತ್ತದೆ, ಸ್ಟೇಟಸ್ಸು ಉದ್ದನೆಯದನ್ನು ಬೇಡುತ್ತದೆ, ಕಳಿಸುವಾಗ ಆಗುವ ಸಂಕೋಚನ ಸೂಕ್ಷ್ಮ ಛಾಯೆಗಳನ್ನು ಪಟ್ಟೆಪಟ್ಟೆಯಾಗಿಸುತ್ತದೆ. ಬಿಸಿಲಲ್ಲಿ ಬಸ್ಸಿಗೆ ಕಾಯುತ್ತ ನೋಡುವವನ ಮೊಬೈಲಿನಲ್ಲಿ ಕತ್ತಲೆಯ ಚಿತ್ರ ಕಾಣುವುದೇ ಇಲ್ಲ. ಅಳಿಸುವ ಸ್ವಾತಂತ್ರ್ಯವೂ ಫೈಲು ಕಲಾವಿದನ ಕೈಯಲ್ಲಿರುವಷ್ಟು ಹೊತ್ತು ಮಾತ್ರ. ಹಂಚಿಕೆಯಾದ ಮೇಲೆ ಪ್ರತಿಗಳನ್ನು ಹಿಂದಕ್ಕೆ ಕರೆಯಲಾಗದು. ಹನುಮಂತನ ಚಿತ್ರವನ್ನು ಅಂಗಡಿಗಳು ತಾವೇ ಟ್ರೇಸ್ ಮಾಡಿ ಮಾರಿದಾಗ ಅದರ ಮೇಲಿನ ಹಿಡಿತ ಕಲಾವಿದರ ಕೈಯಲ್ಲಿ ಉಳಿಯಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಕಲಾಕೃತಿಗೆ ಕರ್ತೃವಿನ ಜೀವಿತಾವಧಿ ಮತ್ತು ನಂತರದ 60 ವರ್ಷಗಳ ರಕ್ಷಣೆ ಕೊಡುತ್ತದೆ. ಆದರೆ ಯಾವ ಬಳಕೆಗೆ, ಯಾವ ಅಳತೆಗೆ, ಎಷ್ಟು ಕಾಲಕ್ಕೆ ಚಿತ್ರ ಕೊಟ್ಟದ್ದೆಂಬುದನ್ನು ಬರಹದಲ್ಲಿ ಗೊತ್ತುಮಾಡಿಕೊಂಡ ಕಲಾವಿದನಿಗೇ ಆ ರಕ್ಷಣೆ ಕೈಗೆಟುಕುವಂಥದು.

ನಾಲ್ಕನೆಯ ಆಕ್ಷೇಪ ಕೃತಕ ಬುದ್ಧಿಮತ್ತೆಯದು. 2022ರಿಂದ ‘ಮಿಡ್‌ಜರ್ನಿ’, ‘ಸ್ಟೇಬಲ್ ಡಿಫ್ಯೂಷನ್’ನಂಥ ವ್ಯವಸ್ಥೆಗಳು ಮಾತಿನಲ್ಲಿ ಕೇಳಿದ ಚಿತ್ರವನ್ನು ಕ್ಷಣಗಳಲ್ಲಿ ಕೊಡುತ್ತಿರುವಾಗ ಹಂತಗಳ ಚರ್ಚೆಯೇ ಹಳತಾಯಿತು ಎನ್ನುವವರಿದ್ದಾರೆ. ಕರಡು, ಗೆರೆ, ಛಾಯೆಯ ಶ್ರಮವೇ ರಚನೆಯ ಸರ್ವಸ್ವವಾಗಿದ್ದರೆ ಈ ವಾದ ಗೆಲ್ಲುತ್ತಿತ್ತು. ಈ ಯಂತ್ರಗಳು ಸಾಮಾನ್ಯವಾಗಿ ಕೊಡುವುದು ಒಂದೇ ಪದರದ ಪಿಕ್ಸೆಲ್ ಚಿತ್ರವನ್ನು. ಪ್ಲಾಟರಿಗೆ ಬೇಕಾದ ರೇಖೆ, ಸ್ಕ್ರೀನಿಗೆ ಬೇಕಾದ ಬಣ್ಣಬೇರ್ಪಡೆ, ಒತ್ತಕ್ಷರಕ್ಕೆ ಬಿಡಬೇಕಾದ ಜಾಗ ಇವನ್ನು ಕೇಳಿ ಪಡೆಯಲು ಅವು ಬೇಕೆಂದು ಮೊದಲು ಗೊತ್ತಿರಬೇಕು. ಮುಂದೆ ಯಂತ್ರ ಅವನ್ನೂ ಕೊಡಬಹುದು. ಆಗಲೂ ಈ ಚಿತ್ರ ಯಾರ ಕಣ್ಣಿಗೆ, ಎಷ್ಟು ದೂರದಿಂದ, ಯಾವುದರ ಮೇಲೆ ಎಂಬ ತೀರ್ಮಾನ ಕೇಳುವವನದೇ.

ಕಲಿಕೆ ಮತ್ತು ಮೌಲ್ಯಮಾಪನ

ಅನಿಮೇಷನ್, ವಿಷುವಲ್ ಎಫೆಕ್ಟ್ಸ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2012ರಲ್ಲಿ. ಅದರ ನಂತರ ಡಿಜಿಟಲ್ ಕಲೆಯ ತರಬೇತಿ ಹೆಚ್ಚಿದೆಯಾದರೂ ಖಾಸಗಿ ತರಗತಿಗಳ ಪಾಠ ಬಹುಮಟ್ಟಿಗೆ ತಂತ್ರಾಂಶಗಳ ಹೆಸರಿನ ಸುತ್ತಲೇ ಸುತ್ತುತ್ತದೆ. ತಂತ್ರಾಂಶ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ. ಕಾಗದ ಶಾಯಿ ಹೀರುವ ಬಗೆ, ಅಲಗು ತಿರುಗುವ ಮೂಲೆ, ಕಣ್ಣು ದೂರದಿಂದ ಹಿಡಿಯುವ ಆಕಾರ ಅಷ್ಟು ಬೇಗ ಬದಲಾಗುವುದಿಲ್ಲ. ಒಂದೇ ಮುಖವನ್ನು ನ್ಯೂಸ್‌ಪ್ರಿಂಟಿಗೆ, ರೇಡಿಯಂಗೆ, ಟೀ ಶರ್ಟಿಗೆ, ಮೊಬೈಲಿಗೆ ಬೇರೆಬೇರೆಯಾಗಿ ಬರೆಯಲು ಬಲ್ಲ ವಿದ್ಯಾರ್ಥಿ ಯಾವ ತಂತ್ರಾಂಶದಲ್ಲಾದರೂ ಬದುಕುತ್ತಾನೆ. ಪಾಠಕ್ರಮದಲ್ಲಿ ಮುದ್ರಣಾಲಯ ಮತ್ತು ಪ್ಲಾಟರ್ ಅಂಗಡಿಯ ಭೇಟಿಗೆ ಕ್ಯಾನ್ವಾಸಿನ ತರಗತಿಯಷ್ಟೇ ಜಾಗ ಸಿಗಬೇಕು. ಮೌಲ್ಯಮಾಪನಕ್ಕೂ ಇದೇ ಅಳತೆಗೋಲು ಸಲ್ಲುತ್ತದೆ. ಪರದೆಯಲ್ಲಿ ಹಿಗ್ಗಿಸಿ ನೋಡಿದಾಗ ಚೆನ್ನಾಗಿ ಕಂಡಿತೆಂಬ ಕಾರಣಕ್ಕೆ ಡಿಜಿಟಲ್ ಚಿತ್ರಕ್ಕೆ ಅಂಕ ಕೊಡುವುದು ಅರ್ಧ ಪರೀಕ್ಷೆ. ಅದು ಸೇರಬೇಕಾದ ಜಾಗದಲ್ಲಿ, ನೋಡಬೇಕಾದ ದೂರದಿಂದ ನೋಡಿದ ಮೇಲೆಯೇ ತೀರ್ಪು ಕೊಡುವುದು ನ್ಯಾಯ.